68 ಬಂದ್ರೆ ಫೇಲಾ? ಗೇಮ್ ಅಂಕಗಳ ಹಿಂದಿನ ಕಥೆ

ಚಿಕ್ಕಮಗಳೂರಲ್ಲಿ ಮಳೆ ಹಿಡಿದು ಮೂರು ದಿನವಾಗಿತ್ತು. ಅಕ್ಕನ ಮಗ ಗೇಮ್ ಒಂದನ್ನು ಡೌನ್‌ಲೋಡ್‌ಗೆ ಹಾಕಿದವನು ಅರ್ಧಕ್ಕೇ ನಿಲ್ಲಿಸಿದ. 'ಬೇಡ ಮಾಮ, ವಿಮರ್ಶಕರ ಅಂಕ 100ಕ್ಕೆ 68 ಅಂತೆ.' ಇದೇ ಹುಡುಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 68 ಪರ್ಸೆಂಟ್ ಬಂದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಫಸ್ಟ್ ಕ್ಲಾಸ್ ಅಲ್ವಾ?

ಗೇಮ್‌ಗೆ ಅಂಕ ಕೊಡುವುದು ಹಳೇ ಚಾಳಿ. ಜಪಾನಿನ ಫಾಮಿತ್ಸು ಪತ್ರಿಕೆ ಶುರುವಾಗಿದ್ದು 1986ರಲ್ಲಿ. ಅಲ್ಲಿ ನಾಲ್ಕು ಜನ ತಲಾ 10ಕ್ಕೆ ಅಂಕ ಹಾಕುತ್ತಿದ್ದರು. ಪೂರ್ತಿ 40 ಮೊದಲು ಸಿಕ್ಕಿದ್ದು 1998ರಲ್ಲಿ, ಝೆಲ್ಡಾ ಸರಣಿಯ 'ಒಕರೀನಾ ಆಫ್ ಟೈಮ್'ಗೆ.

ಗೋಜಲು ಶುರುವಾಗಿದ್ದು 2001ರಲ್ಲಿ ಮೆಟಾಕ್ರಿಟಿಕ್ ಅನ್ನೋ ವೆಬ್‌ಸೈಟ್ ಬಂದ ಮೇಲೆ. ಒಬ್ಬರು ಐದಕ್ಕೆ ಸ್ಟಾರ್ ಕೊಡುತ್ತಾರೆ, ಇನ್ನೊಬ್ಬರು ಹತ್ತಕ್ಕೆ ಅಂಕ. ಎಲ್ಲವನ್ನೂ 100ಕ್ಕೆ ಇಳಿಸಿ ಸರಾಸರಿ ತೆಗೆಯುವುದು ಅದರ ಕೆಲಸ. ಅದರಲ್ಲೂ ಕೆಲವರ ಅಂಕಕ್ಕೆ ತೂಕ ಜಾಸ್ತಿ, ಎಷ್ಟು ಜಾಸ್ತಿ ಅನ್ನೋದು ಗುಟ್ಟು. 75 ಮುಟ್ಟಿದರೆ ಹಸಿರು ಬಣ್ಣ, 74ಕ್ಕೆ ಹಳದಿ. ದೊಡ್ಡ ಗೇಮ್‌ಗಳಲ್ಲಿ ಹೆಚ್ಚಿನವು 70ರಿಂದ 95ರೊಳಗೇ ಗುಂಪು ಕಟ್ಟಿಕೊಂಡವು, ಕೆಳಗಿನ ಅರ್ಧ ಸ್ಕೇಲು ಹೆಚ್ಚುಕಮ್ಮಿ ಖಾಲಿ ಬಿತ್ತು. 68 'ಫೇಲ್' ಆಗಿದ್ದು ಹೀಗೆ.

ಆಮೇಲೆ ಈ ನಂಬರಿಗೆ ದುಡ್ಡು ಅಂಟಿಕೊಂಡಿತು. 2010ರ 'ಫಾಲೌಟ್: ನ್ಯೂ ವೇಗಸ್' ಮಾಡಿದ ಅಬ್ಸಿಡಿಯನ್ ತಂಡಕ್ಕೆ 85 ಬಂದರೆ ಬೋನಸ್ ಅಂತ ಮಾತಾಗಿತ್ತು. ಬಂದಿದ್ದು 84. ಒಂದೇ ಒಂದು ಅಂಕ! ಯಾವನೋ ವಿಮರ್ಶಕ ರಾತ್ರಿ ನಿದ್ದೆಗಣ್ಣಲ್ಲಿ ಎಂಟೋ ಎಂಟೂವರೆಯೋ ಅಂತ ಯೋಚಿಸಿ ಎಂಟು ಅಂತ ಬರೆದಿದ್ದರೂ ಅಷ್ಟು ವ್ಯತ್ಯಾಸ ಆಗಬಹುದು.

ನಮ್ಮೂರಿನ ತೋಟದವರಿಗೂ 100ಕ್ಕೆ ಅಂಕ ಹೊಸದಲ್ಲ. ಕಾಫಿ ಕಪ್ಪಿಂಗ್‌ನಲ್ಲಿ, ಅಂದರೆ ರುಚಿ ನೋಡಿ ಅಂಕ ಹಾಕುವಾಗ, 80 ಮುಟ್ಟಿದರೆ ಸ್ಪೆಷಾಲಿಟಿ ಅನ್ನೋ ಮೇಲ್ದರ್ಜೆ. ಆದರೆ ಅಲ್ಲಿ ರುಚಿ ನೋಡುವವರು ಮೊದಲು ಒಟ್ಟಿಗೆ ಕೂತು ಒಂದೇ ಕಾಫಿ ಸೊರ್ ಅಂತ ಹೀರಿ, ನಿಮ್ಮದೆಷ್ಟು ನಮ್ಮದೆಷ್ಟು ಅಂತ ತಾಳೆ ಹಾಕಿಕೊಳ್ಳುತ್ತಾರೆ. ಪರಿಮಳಕ್ಕೆ ಬೇರೆ, ಹುಳಿಗೆ ಬೇರೆ, ಬಾಯಲ್ಲಿ ಉಳಿಯುವ ರುಚಿಗೆ ಬೇರೆ ಅಂಕ. ಗೇಮ್ ವಿಮರ್ಶಕರು ಹಾಗೆ ಒಂದು ಟೇಬಲ್ ಸುತ್ತ ಕೂರುವುದಿಲ್ಲ. ಯಾವ ಮಶೀನಿನಲ್ಲಿ ಆಡಿದರು ಅನ್ನುವುದೂ ಸರಾಸರಿಯಲ್ಲಿ ಕಾಣುವುದಿಲ್ಲ. 2020ರ ಡಿಸೆಂಬರ್‌ನಲ್ಲಿ 'ಸೈಬರ್‌ಪಂಕ್ 2077' ಬಂದಾಗ ಮೊದಲ ವಿಮರ್ಶೆಗಳೆಲ್ಲ ಪಿಸಿಯಲ್ಲಿ ಆಡಿ ಬರೆದವು, ಅಂಕವೂ ಭರ್ಜರಿ. ಹಳೇ ಪ್ಲೇಸ್ಟೇಷನ್ 4ರಲ್ಲಿ ಹಾಕಿದವರು ತಲೆ ಚಚ್ಚಿಕೊಂಡರು, ಅದೇ ತಿಂಗಳು ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆಯಿತು.

ಬೇಸತ್ತವರೂ ಇದ್ದಾರೆ. ಬ್ರಿಟನ್ನಿನ ಗೇಮ್ ವೆಬ್‌ಸೈಟ್ ಯೂರೋಗೇಮರ್ 2015ರಲ್ಲಿ ಅಂಕ ಕೊಡುವುದನ್ನೇ ಬಿಟ್ಟಿತು. 2023ರಲ್ಲಿ ಐದು ಸ್ಟಾರ್ ಹಿಡಿದುಕೊಂಡು ವಾಪಸ್ ಬಂತು.

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಡಿದವರು ಕೊಡೋ ಅಂಕವೇ ಇಲ್ಲ, ಹೆಬ್ಬೆರಳು ಮೇಲೆ ಇಲ್ಲವೇ ಕೆಳಗೆ. ಅಲ್ಲಿ 90% ಅಂದರೆ 90 ಮಾರ್ಕ್ಸ್ ಅಂತ ನಮ್ಮ ಹುಡುಗ ತಿಳಿದಿದ್ದ. ಅಲ್ಲ ಮಾರಾಯ, ನೂರರಲ್ಲಿ ತೊಂಬತ್ತು ಜನ 'ಆಡಬಹುದು' ಅಂದರು ಅಂತ ಅಷ್ಟೇ. ನಿಮ್ಮಮ್ಮನ ಉಪ್ಪಿಟ್ಟನ್ನು ಮನೆಗೆ ಬಂದವರೆಲ್ಲ 'ಪರವಾಗಿಲ್ಲ' ಅಂದರೂ 100% ಆಗುತ್ತೆ ಅಂದೆ. ಅಡುಗೆಮನೆಗೆ ಕೇಳಿಸಿತು. ಆಮೇಲೆ ಅವನು ಅಂಕ ಬಿಟ್ಟು ನಾಲ್ಕು ವಿಮರ್ಶೆ ಓದಿದ, ನಮ್ಮನೆ ಹಳೇ ಕಂಪ್ಯೂಟರಿನಂಥದ್ದರಲ್ಲೇ ಆಡಿದವನೊಬ್ಬ ಸಿಕ್ಕಿದ, ಡೌನ್‌ಲೋಡ್ ಮತ್ತೆ ಶುರುವಾಯಿತು. 40% ಆಗುವಷ್ಟರಲ್ಲಿ ಕರೆಂಟ್ ಹೋಯಿತು.