‘ನನ್ನ ಅಪ್ಪಣೆಯಿಂದ’: ಕುರ್‌ಆನಿನ ಈಸಾ ಪೈಗಂಬರರು

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಕಡೆ ವಾಟ್ಸಾಪಿನಲ್ಲಿ ಎರಡು ಸಂದೇಶ ಓಡಾಡುತ್ತವೆ. ‘ಮುಸಲ್ಮಾನರೂ ಯೇಸುವನ್ನು ಒಪ್ಪುತ್ತಾರೆ, ಎಲ್ಲ ಒಂದೇ’ ಅನ್ನುವುದು ಒಂದು. ‘ಅವರು ಯೇಸುವನ್ನು ಒಪ್ಪುವುದೇ ಇಲ್ಲ’ ಅನ್ನುವುದು ಇನ್ನೊಂದು. ಬೆಳಗಾವಿ ಕ್ಯಾಂಪಿನ ಚರ್ಚಿಗೆ ಹೋಗುವವರಿಗೂ ವಿಜಯಪುರದ ಜಾಮಿಯಾ ಮಸೀದಿ ಓಣಿಯವರಿಗೂ ಎರಡೂ ತಲುಪುತ್ತವೆ. ಎರಡರಲ್ಲೂ ಆಯತ್, ಅಂದರೆ ಕುರ್‌ಆನಿನ ವಾಕ್ಯದ ಸಂಖ್ಯೆ ಇರುತ್ತದೆ, ಸಂಖ್ಯೆ ಬಹಳ ಸಲ ಸರಿಯೂ ಇರುತ್ತದೆ. ತಪ್ಪಿರುವುದು ಕತ್ತರಿ ಹಾಕಿದ ಜಾಗದಲ್ಲಿ. ಕುರ್‌ಆನ್ ಈಸಾ ಅವರಿಗೆ, ಅಂದರೆ ಯೇಸುವಿಗೆ, ಕೊಟ್ಟ ಪ್ರತಿಯೊಂದು ದೊಡ್ಡ ಗೌರವದ ಪಕ್ಕದಲ್ಲೇ ಆ ಗೌರವದ ಗಡಿಯನ್ನೂ ಹೇಳಿರುತ್ತದೆ. ಒಂದು ಗುಂಪು ಗಡಿಯನ್ನು ಕತ್ತರಿಸುತ್ತದೆ, ಇನ್ನೊಂದು ಗೌರವವನ್ನು.

ಮೊದಲು ಲೆಕ್ಕ. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿದ ಪೈಗಂಬರರು 25 ಮಂದಿ. ಅವರಲ್ಲಿ ನೂಹ್, ಇಬ್ರಾಹೀಂ, ಮೂಸಾ, ಈಸಾ, ಮುಹಮ್ಮದ್ ಈ ಐವರನ್ನು ‘ಉಲುಲ್ ಅಜ್ಮ್’, ಗಟ್ಟಿ ಸಂಕಲ್ಪದವರು ಎಂದು ಬೇರೆಯಾಗಿ ಎಣಿಸುವ ರೂಢಿಯಿದೆ. ಈಸಾ ಎಂಬ ಹೆಸರು 25 ಸಲ ಬರುತ್ತದೆ, ಅವರ ತಾಯಿ ಮರಿಯಂ ಅವರ ಹೆಸರು 34 ಸಲ. ಇಡೀ ಗ್ರಂಥದಲ್ಲಿ ಸ್ವಂತ ಹೆಸರಿನಿಂದ ಕರೆಸಿಕೊಂಡ ಹೆಂಗಸು ಅವರೊಬ್ಬರೇ. ಉಳಿದವರೆಲ್ಲ ಫಿರೌನನ ಹೆಂಡತಿ, ಮೂಸಾರ ತಾಯಿ ಅಂತಲೇ ಉಳಿದಿದ್ದಾರೆ. 98 ಆಯತ್‌ಗಳ 19ನೇ ಸೂರಾಕ್ಕೆ, ಅಂದರೆ ಅಧ್ಯಾಯಕ್ಕೆ, ಮರಿಯಂ ಅಂತಲೇ ಹೆಸರು. ತಂದೆಯ ಹೆಸರಿನಿಂದ ಗುರುತಿಸುವ ಅರಬರ ನಡುವೆ ‘ಈಸಾ ಇಬ್ನು ಮರಿಯಂ’, ಮರಿಯಮರ ಮಗ ಈಸಾ ಅನ್ನುವುದು ಸಣ್ಣ ಮಾತಲ್ಲ. ತಂದೆಯಿಲ್ಲದೆ ಹುಟ್ಟಿದರು ಎಂಬುದನ್ನು ಅದು ಒಪ್ಪಿಕೊಳ್ಳುತ್ತದೆ, ದೇವರ ಮಗ ಎಂಬುದನ್ನು ಅದೇ ಉಸಿರಿನಲ್ಲಿ ತಳ್ಳಿಹಾಕುತ್ತದೆ.

ಹುಟ್ಟಿನ ಪ್ರಸಂಗ ಅದೇ ಸೂರಾದ 16ರಿಂದ 33ರವರೆಗೆ. ಹೆರಿಗೆ ನೋವು ಬಂದಾಗ ಮರಿಯಂ ಒಬ್ಬರೇ, ಖರ್ಜೂರದ ಬೊಡ್ಡೆಗೆ ಒರಗಿದ್ದಾರೆ, ‘ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು’ ಅನ್ನುತ್ತಾರೆ. ಕೆಳಗೆ ನೀರಿನ ಝರಿ, ಬೊಡ್ಡೆ ಅಲುಗಿಸಿದರೆ ಹಣ್ಣು. ಇಲ್ಲಿ ಬರುವ ಪದ ‘ರುತಬ್’: ಮರದಲ್ಲೇ ಮೆತ್ತಗಾದ ಹಸಿ ಖರ್ಜೂರ. ನಮ್ಮ ಸಂತೆಯಲ್ಲಿ ಸಿಗುವ ಉತ್ತತ್ತಿಯನ್ನು ಕಣ್ಮುಂದೆ ತಂದುಕೊಂಡರೆ ಚಿತ್ರವೇ ಕೆಡುತ್ತದೆ. ‘ರುತಬ್ ಬೇಸಿಗೆಯ ಫಸಲು, ಹಾಗಾಗಿ ಯೇಸು ಡಿಸೆಂಬರಿನಲ್ಲಿ ಹುಟ್ಟಿಲ್ಲ’ ಎಂದು ವಾದ ಹೂಡುವವರಿದ್ದಾರೆ. ಈ ವಾದ ಸಡಿಲು. ಬೊಡ್ಡೆ ಒಣಗಿತ್ತು, ಹಣ್ಣು ಬಂದದ್ದೇ ಪವಾಡ ಎಂದು ಹೇಳುವ ವ್ಯಾಖ್ಯಾನಕಾರರು ಬೇಕಾದಷ್ಟಿದ್ದಾರೆ. ಪವಾಡದ ಹಣ್ಣಿನಿಂದ ತಿಂಗಳು ಎಣಿಸಲು ಬರುವುದಿಲ್ಲ. ಕುರ್‌ಆನ್ ತಾರೀಖನ್ನೇ ಹೇಳಿಲ್ಲ.

ಮುಂದೆ ಊರ ಮಂದಿ ಮರಿಯಂ ಮೇಲೆ ಎರಗಿದಾಗ ತೊಟ್ಟಿಲ ಕೂಸೇ ಮಾತಾಡುತ್ತದೆ. ಅದರ ಮೊದಲ ಮಾತು ‘ಇನ್ನೀ ಅಬ್ದುಲ್ಲಾ’, ನಾನು ಅಲ್ಲಾಹನ ದಾಸ. ಪೈಗಂಬರತನ, ಗ್ರಂಥ, ತಾಯಿಯ ಸೇವೆ ಎಲ್ಲ ಆಮೇಲೆ. ಗಡಿ ಮೊದಲು, ಗೌರವ ನಂತರ. ತಂದೆಯಿಲ್ಲದ ಹುಟ್ಟು ದೈವತ್ವದ ಗುರುತಲ್ಲವೇ ಎಂಬ ಪ್ರಶ್ನೆಗೆ 3ನೇ ಸೂರಾದ 59ನೇ ಆಯತ್ ಉತ್ತರ ಕೊಡುತ್ತದೆ: ಅಲ್ಲಾಹನ ಮುಂದೆ ಈಸಾ ಆದಮರ ಹಾಗೆ, ಆದಮರಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ.

ಪವಾಡಗಳಲ್ಲಿ ಈ ಗಡಿ ಎಲ್ಲಕ್ಕಿಂತ ಸ್ಪಷ್ಟ. 5ನೇ ಸೂರಾದ 110ನೇ ಆಯತ್ ತೆರೆಯಿರಿ. ಮಣ್ಣಿನಿಂದ ಹಕ್ಕಿಯ ಆಕಾರ ಮಾಡಿದ್ದು, ಊದಿದಾಗ ಅದು ಹಕ್ಕಿಯಾದದ್ದು, ಹುಟ್ಟುಕುರುಡರನ್ನೂ ಚರ್ಮರೋಗಿಗಳನ್ನೂ ಗುಣಪಡಿಸಿದ್ದು, ಸತ್ತವರನ್ನು ಎಬ್ಬಿಸಿದ್ದು, ನಾಲ್ಕಕ್ಕೂ ‘ಬಿ ಇಜ್ನೀ’ ಎಂಬ ಪದ ಅಂಟಿಕೊಂಡಿದೆ. ‘ನನ್ನ ಅಪ್ಪಣೆಯಿಂದ’ ಎಂದರ್ಥ, ಹೇಳುವವನು ಅಲ್ಲಾಹ. ಒಂದೇ ಆಯತ್‌ನಲ್ಲಿ ನಾಲ್ಕು ಸಲ ಹೇಳಿದ್ದು ಓದುಗರಿಗೆ ಮರೆವು ಹೆಚ್ಚು ಅಂತ ಇರಬಹುದು. ಕನ್ನಡಕ್ಕೆ ತರುವವರು ಮೂರನೆಯ ಸಲಕ್ಕೆ ಪುನರುಕ್ತಿಯೆಂದು ಬಿಟ್ಟುಬಿಟ್ಟರೆ ಆಯತ್ತಿನ ಬೆನ್ನೆಲುಬೇ ಹೋಗುತ್ತದೆ. ಇನ್ನೊಂದು ಸಣ್ಣ ವಿಷಯ: ಗುಣವಾದ ಚರ್ಮರೋಗಿಗೆ ಇಲ್ಲಿರುವ ಪದ ‘ಅಬ್ರಸ್’. ಅದನ್ನು ಕುಷ್ಠರೋಗಿ ಎಂದು ತಿರುಗಿಸುವುದು ಹೆಚ್ಚು. ಅರಬ್ಬಿಯಲ್ಲಿ ಕುಷ್ಠಕ್ಕೆ ‘ಜುಜಾಮ್’ ಎಂಬ ಬೇರೆ ಪದವಿದೆ, ‘ಬರಸ್’ ಎಂಬುದನ್ನು ತೊನ್ನು ಎಂದೂ ಅರ್ಥೈಸುತ್ತಾರೆ. ಮಣ್ಣಿನ ಹಕ್ಕಿಯಾಗಲಿ ತೊಟ್ಟಿಲ ಮಾತಾಗಲಿ ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಇಲ್ಲ. ಕ್ರೈಸ್ತ ಗೆಳೆಯರು ‘ಇದೆಲ್ಲಿಂದ ಬಂತು’ ಎಂದು ಕೇಳಿದರೆ ಆಶ್ಚರ್ಯಪಡಬೇಕಿಲ್ಲ.

ಕನ್ನಡದಲ್ಲಿ ನಿಜವಾದ ಕಷ್ಟ ಇರುವುದು ಬಿರುದುಗಳಲ್ಲಿ. 4ನೇ ಸೂರಾದ 171ನೇ ಆಯತ್ ಈಸಾ ಅವರನ್ನು ಮಸೀಹ್ (ಮೆಸ್ಸೀಯ), ಅಲ್ಲಾಹನ ರಸೂಲ್ (ಸಂದೇಶವಾಹಕ), ಅವನ ‘ಕಲಿಮಾ’, ಅವನ ಕಡೆಯ ‘ರೂಹ್’ (ಆತ್ಮ) ಎನ್ನುತ್ತದೆ. ಕಲಿಮಾಕ್ಕೆ ‘ವಾಕ್ಯ’ ಎಂದು ಬರೆದರೆ ಯೋಹಾನನ ಸುವಾರ್ತೆಯ ಮೊದಲ ಸಾಲು ನೆನಪಾಗುತ್ತದೆ, ಅಲ್ಲಿ ವಾಕ್ಯವೇ ದೇವರು. ‘ವಚನ’ ಎಂದು ಬರೆಯೋಣವೆಂದರೆ ಕೂಡಲಸಂಗಮ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ, ಮನಸ್ಸು ಬಸವಣ್ಣನ ಕಡೆ ಹೋಗುತ್ತದೆ. ವ್ಯಾಖ್ಯಾನಕಾರರು ಹೆಚ್ಚಾಗಿ ಹೇಳುವ ಅರ್ಥ ‘ಆಗು’ ಎಂಬ ಅಪ್ಪಣೆಯ ಮಾತು, ಅದರಿಂದ ಹುಟ್ಟಿದವರು ಈಸಾ. ಹಾಗಾಗಿ ‘ಅಲ್ಲಾಹನ ಮಾತು’ ಎಂದಿಟ್ಟು ಒಂದು ಸಾಲು ವಿವರಣೆ ಕೊಡುವುದೇ ವಾಸಿ. ರೂಹ್ ವಿಷಯವೂ ಹೀಗೇ. ಆದಮರಲ್ಲೂ ತನ್ನ ರೂಹ್ ಊದಿದೆನೆಂದು ಅಲ್ಲಾಹ 15ನೇ ಸೂರಾದ 29ರಲ್ಲಿ ಹೇಳುತ್ತಾನೆ. ಅಂದಮೇಲೆ ಆ ಪದವೊಂದರಿಂದಲೇ ‘ದೇವರ ಪಾಲು’ ಎಂಬ ಅರ್ಥ ಬರುವುದಿಲ್ಲ. ‘ರೂಹುಲ್ ಕುದುಸ್’ ಎಂಬುದಕ್ಕೆ ‘ಪವಿತ್ರಾತ್ಮ’ ಎಂದು ಹಾಕಿದರೆ ಇನ್ನೂ ಗೊಂದಲ. ಕ್ರೈಸ್ತರಿಗೆ ಅದು ತ್ರಿತ್ವದ ಮೂರನೆಯ ವ್ಯಕ್ತಿ, ಮುಸ್ಲಿಂ ವ್ಯಾಖ್ಯಾನದಲ್ಲಿ ಹೆಚ್ಚಿನವರಿಗೆ ಜಿಬ್ರೀಲ್ (ಕ್ರೈಸ್ತರ ಗಬ್ರಿಯೇಲ). 171ನೇ ಆಯತ್‌ನಲ್ಲಿ ಈ ಬಿರುದುಗಳು ಶುರುವಾಗುವ ಕಡೆ ‘ಇನ್ನಮಾ’ ಎಂಬ ಪುಟ್ಟ ಪದವಿದೆ, ‘ಇಷ್ಟೇ’ ಎಂದರ್ಥ. ಬಿರುದುಗಳೆಲ್ಲ ಅದರ ಅಂಕೆಯಲ್ಲಿವೆ, ಬೆನ್ನಿಗೇ ‘ಮೂರು ಎನ್ನಬೇಡಿ’ ಎಂಬ ಮಾತಿದೆ. ವಾಟ್ಸಾಪಿನ ಕತ್ತರಿ ಬೀಳುವುದು ಇಲ್ಲೇ.

‘ದೇವದೂತ’ ಪದದ ಗೊಂದಲ ನಮ್ಮದೇ ಸೃಷ್ಟಿ. ಕನ್ನಡದಲ್ಲಿ ಅದನ್ನು ಪೈಗಂಬರರಿಗೂ ಬಳಸುತ್ತೇವೆ, ಜಿಬ್ರೀಲರಂಥ ಮಲಕ್‌ಗಳಿಗೂ (ಇಂಗ್ಲಿಷಿನ ಏಂಜೆಲ್) ಬಳಸುತ್ತೇವೆ. ಮರಿಯಮರ ಪ್ರಸಂಗ ಬರೆದರೆ ದೇವದೂತ ಬಂದು ದೇವದೂತ ಹುಟ್ಟುತ್ತಾನೆಂದು ಹೇಳಿದಂತಾಗುತ್ತದೆ. ಒಂದಕ್ಕೆ ಪೈಗಂಬರ ಅಥವಾ ಪ್ರವಾದಿ, ಇನ್ನೊಂದಕ್ಕೆ ಮಲಕ್ ಎಂದು ಬರೆದರೆ ಮುಗಿಯಿತು. ಉತ್ತರ ಕರ್ನಾಟಕದಲ್ಲಿ ಪೈಗಂಬರ ಪದ ಯಾರಿಗೂ ಹೊಸದಲ್ಲ.

ಶಿಲುಬೆಯ ವಿಷಯದಲ್ಲಿ ಎರಡು ಧರ್ಮಗಳು ನೇರವಾಗಿ ಬೇರೆಯಾಗುತ್ತವೆ, ಅದನ್ನು ಮುಚ್ಚಿ ಪ್ರಯೋಜನವಿಲ್ಲ. 4ನೇ ಸೂರಾದ 157: ಈಸಾ ಅವರನ್ನು ಕೊಲ್ಲಲಿಲ್ಲ, ಶಿಲುಬೆಗೂ ಏರಿಸಲಿಲ್ಲ, ‘ಶುಬ್ಬಿಹ ಲಹುಂ’, ಆ ಜನರಿಗೆ ಹಾಗೆ ತೋರುವಂತೆ ಮಾಡಲಾಯಿತು. 158: ಅಲ್ಲಾಹ ಅವರನ್ನು ತನ್ನೆಡೆಗೆ ಎತ್ತಿಕೊಂಡ. ಶುಬ್ಬಿಹ ಎಂಬುದು ಕರ್ಮಣಿ ಕ್ರಿಯಾಪದ, ಯಾರು ಯಾರ ಹಾಗೆ ಕಂಡರು ಎಂಬುದನ್ನು ಆಯತ್ ಹೇಳುವುದಿಲ್ಲ. ಶಿಷ್ಯನೊಬ್ಬ ತಾನಾಗಿ ಮುಂದೆ ಬಂದ, ಹಿಡಿಯಲು ಬಂದವನೇ ಸಿಕ್ಕಿಬಿದ್ದ ಎಂಬ ಕಥೆಗಳು ತಫ್ಸೀರ್‌ಗಳವು, ಅಂದರೆ ವ್ಯಾಖ್ಯಾನ ಗ್ರಂಥಗಳವು. ‘ಯೇಸುವನ್ನು ಹಿಡಿದುಕೊಟ್ಟ ಯೂದನನ್ನು ಶಿಲುಬೆಗೇರಿಸಿದರೆಂದು ಕುರ್‌ಆನ್ ಹೇಳುತ್ತದೆ’ ಎಂದು ಭಾಷಣದಲ್ಲಿ ಹೇಳುವವರು ಕುರ್‌ಆನಿನಲ್ಲಿ ಆ ಹೆಸರನ್ನು ತೋರಿಸಲಾರರು. ಆ ಕಥೆಯನ್ನು ವಿಸ್ತಾರವಾಗಿ ಹೇಳುವುದು ‘ಬಾರ್ನಬಾಸನ ಸುವಾರ್ತೆ’ ಎಂಬ ಪುಸ್ತಕ. ಅದರ ಇಟಾಲಿಯನ್ ಹಸ್ತಪ್ರತಿ ವಿಯೆನ್ನಾದಲ್ಲಿದೆ, ಬಹಳ ತಡವಾಗಿ ಹುಟ್ಟಿದ ಬರಹವೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಮ್ಮ ಕಡೆಯ ಕೆಲವರಿಗೆ ಅದರ ಮೇಲೆ ಭಾರಿ ಪ್ರೀತಿ. ಆದರೆ ಅದು ಮಸೀಹ್ ಬಿರುದನ್ನು ಮುಹಮ್ಮದರಿಗೆ ಕೊಡುತ್ತದೆ, ಕುರ್‌ಆನ್ ಅದನ್ನು ಈಸಾ ಅವರಿಗೆ ಮಾತ್ರ ಕೊಟ್ಟಿದೆ. ಕುರ್‌ಆನಿಗೇ ಅಡ್ಡ ಬರುವ ಪುಸ್ತಕವನ್ನು ಕುರ್‌ಆನಿನ ಪರ ಸಾಕ್ಷಿಗೆ ಕರೆಯುವುದು ಯಾವ ವಕೀಲಿಕೆಯೋ.

ಹಾಗಾದರೆ ಈಸಾ ಈಗ ಎಲ್ಲಿ? ಬಹುಪಾಲು ಮುಸ್ಲಿಮರ ನಂಬಿಕೆಯಲ್ಲಿ ಜೀವಂತವಾಗಿ ಮೇಲೆ, ಅಂತ್ಯಕಾಲದ ಹತ್ತಿರ ಇಳಿದುಬರುತ್ತಾರೆ. ವಿವರಗಳು ಹದೀಸ್‌ಗಳಲ್ಲಿ, ಅಂದರೆ ಮುಹಮ್ಮದರ ನುಡಿ-ನಡೆಗಳ ವರದಿಗಳಲ್ಲಿ ಇವೆ. ‘ಸಹೀಹ್ ಮುಸ್ಲಿಂ’ ಎಂಬ ಹದೀಸ್ ಸಂಗ್ರಹದ ವರದಿಯಂತೆ ದಮಾಸ್ಕಸಿನ ಪೂರ್ವದಿಕ್ಕಿನ ಬಿಳಿ ಮಿನಾರಿನ ಬಳಿ, ಇಬ್ಬರು ಮಲಕ್‌ಗಳ ರೆಕ್ಕೆಗಳ ಮೇಲೆ ಕೈಯಿಟ್ಟು ಇಳಿಯುತ್ತಾರೆ, ಲುದ್ದ್ ಊರಿನ ಬಾಗಿಲಲ್ಲಿ ಅಂತ್ಯಕಾಲದ ಮಹಾ ವಂಚಕ ದಜ್ಜಾಲನನ್ನು ಕೊಲ್ಲುತ್ತಾರೆ. ದಮಾಸ್ಕಸಿನ ಉಮಯ್ಯದ್ ಮಸೀದಿಯ ಒಂದು ಮಿನಾರಿಗೆ ಇಂದಿಗೂ ಈಸಾ ಮಿನಾರ್ ಎಂದೇ ಹೆಸರು. ಶ್ರೀನಗರದ ಖಾನ್ಯಾರಿನ ರೋಜಾ ಬಲ್ ಯೇಸುವಿನ ಗೋರಿ ಎಂಬ ಮಾತು ಅಹ್ಮದಿಯಾ ಪಂಥದ್ದು. ಅದನ್ನು ‘ಇಸ್ಲಾಮಿನ ಪ್ರಕಾರ’ ಎಂದು ಬರೆಯಬಾರದು, ಉಳಿದ ಮುಸ್ಲಿಮರು ಒಪ್ಪುವುದಿಲ್ಲ.

‘ಇಂಜೀಲ್’ ಎಂದರೆ ಬೈಬಲ್ ಎಂದು ಸಮ ಹಾಕುವುದೂ ಸರಿಯಲ್ಲ. ಇಂಜೀಲ್ ಈಸಾ ಅವರಿಗೆ ಇಳಿದ ಗ್ರಂಥ ಎಂಬುದು ನಂಬಿಕೆ. ಮತ್ತಾಯ, ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳು ಅವರ ಬಗ್ಗೆ ಬೇರೆಯವರು ಬರೆದವು.

ಸೌಹಾರ್ದ ಸಭೆಯ ಬ್ಯಾನರಿಗೋ ಕರಪತ್ರಕ್ಕೋ ಆಯತ್ ಬೇಕೆಂದು ಕೇಳುವವರಿಗೆ 19ನೇ ಸೂರಾದ 30ರಿಂದ 33 ಅನುಕೂಲ. ನಾಲ್ಕೇ ಸಾಲು, ಗೌರವ ಗಡಿ ಎರಡೂ ಅದರೊಳಗಿವೆ, ಕತ್ತರಿ ಬೇಕಾಗುವುದಿಲ್ಲ. ಪಕ್ಕದಲ್ಲಿ ಗೋದಲಿಯ ಚಿತ್ರ ಬೇಡ, ಪೈಗಂಬರರ ಚಿತ್ರ ಹಾಕುವ ರೂಢಿ ಮುಸಲ್ಮಾನರಲ್ಲಿಲ್ಲ. ಹೆಸರಿನ ಮುಂದೆ ಸಲಾಮು ಹಾಕುವಾಗ ಈಸಾ ಅವರಿಗೆ ‘ಅಲೈಹಿಸ್ಸಲಾಂ’, ಮರಿಯಂ ಅವರಿಗೆ ‘ಅಲೈಹಸ್ಸಲಾಂ’. ಒಂದು ಗುಡಿಸಿನ ವ್ಯತ್ಯಾಸ. ಡಿಟಿಪಿ ಮಾಡುವವರು ಒಂದನ್ನೇ ಎರಡೂ ಕಡೆ ಅಂಟಿಸಿಬಿಡುತ್ತಾರೆ, ಪ್ರೂಫ್ ನೋಡುವಾಗ ಅಲ್ಲಿ ಒಮ್ಮೆ ಕಣ್ಣು ಹಾಯಿಸಿ.