ಮೂತ್ರದ ಮಾತ್ರೆ ತಗೊಂಡರೆ ಬಾಯಿ ಯಾಕೆ ಒಣಗುತ್ತದೆ?

ಪ್ರಶ್ನೆ: ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ಮೂತ್ರ ತಡೆಯಲು ಆಗುತ್ತಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಆಕ್ಸಿಬ್ಯುಟಿನಿನ್ ಮಾತ್ರೆ ಬರೆದುಕೊಟ್ಟರು. ಅವಸರ ಕಡಿಮೆ ಆಯಿತು, ಆದರೆ ಬಾಯಿ ಒಣಗಿ ರೊಟ್ಟಿ ನುಂಗುವುದೇ ಕಷ್ಟ. ಯಾವ ರಿಸೆಪ್ಟರ್ ದೇಹದಲ್ಲಿ ಎಲ್ಲಿದೆ ಎಂದು ಪತ್ತೆ ಮಾಡಿದ್ದಾರಂತಲ್ಲ, ಮೂತ್ರಕೋಶಕ್ಕೆ ಮಾತ್ರ ತಾಗುವ ಮಾತ್ರೆ ಯಾಕಿಲ್ಲ? (ಗದಗದ ಓದುಗರೊಬ್ಬರು)

ಉತ್ತರ: ರಿಸೆಪ್ಟರ್ ಅಂದರೆ ಜೀವಕೋಶದ ಮೇಲೆ ಕೂತು ರಾಸಾಯನಿಕ ಸಂದೇಶ ಹಿಡಿಯುವ ಪ್ರೋಟೀನ್. ಅವು ಎಲ್ಲಿವೆ ಎಂದು ಪತ್ತೆ ಮಾಡಿದ್ದಾರೆ, ನಿಜ. ಹಾಗೆ ಪತ್ತೆಯಾದದ್ದೇ ಈಗ ತಲೆನೋವು. ಮೂತ್ರಕೋಶವನ್ನು ಹಿಂಡುವ ರಿಸೆಪ್ಟರ್ ಮತ್ತು ಬಾಯಲ್ಲಿ ಜೊಲ್ಲು ಸುರಿಸುವ ರಿಸೆಪ್ಟರ್ ಎರಡೂ ಮುಖ್ಯವಾಗಿ ಒಂದೇ ಜಾತಿಯವು. ಅದರ ಹೆಸರು ಎಂ3. ಆಕ್ಸಿಬ್ಯುಟಿನಿನ್ ಕೆಲಸ ಮಾಡುವುದು ಅದನ್ನು ತಡೆದು.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಅದನ್ನು ಹಿಡಿಯುವ ಪ್ರೋಟೀನ್‌ಗಳಲ್ಲಿ ಒಂದು ಗುಂಪು ಮಸ್ಕರಿನಿಕ್ ರಿಸೆಪ್ಟರ್‌ಗಳು. ಎಂ1ರಿಂದ ಎಂ5ರವರೆಗೆ ಐದು ಬಗೆ.

ಇವು ಎಲ್ಲೆಲ್ಲಿವೆ ಎಂಬ ಒರಟು ನಕ್ಷೆ ಯಾವ ಲ್ಯಾಬೂ ಇಲ್ಲದೆ ನಮ್ಮ ಕಡೆಯೇ ಸಿಗುತ್ತದೆ. ರಸ್ತೆ ಬದಿಯ ದತ್ತೂರಿ ಗಿಡದಲ್ಲಿ ಅಟ್ರೋಪಿನ್ ಇದೆ. ಅದು ಐದೂ ಬಗೆಯನ್ನು ತಡೆಯುತ್ತದೆ. ದತ್ತೂರಿ ಬೀಜ ತಿಂದವರ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಎದೆ ಡವಡವ ಅನ್ನುತ್ತದೆ, ಮೂತ್ರ ಕಟ್ಟುತ್ತದೆ, ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಇದಕ್ಕೆ ಪೂರಾ ಉಲ್ಟಾ ಚಿತ್ರ ಬೇಕೆಂದರೆ, ಹತ್ತಿಗೋ ಮೆಣಸಿನಗಿಡಕ್ಕೋ ಆರ್ಗನೋಫಾಸ್ಫೇಟ್ ಕೀಟನಾಶಕ ಹೊಡೆಯುವಾಗ ವಿಷವೇರಿದವರನ್ನು ನೋಡಬೇಕು. ಜೊಲ್ಲು, ಬೆವರು ಸುರಿಯುತ್ತದೆ, ಪಾಪೆ ಸೂಜಿಮೊನೆಯಷ್ಟಾಗುತ್ತದೆ, ನಾಡಿ ಇಳಿಯುತ್ತದೆ. ಅಸಿಟೈಲ್‌ಕೋಲಿನ್ ಒಡೆಯದೆ ತುಂಬಿಕೊಂಡಿರುತ್ತದೆ. ಆಗ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಅದೇ ಅಟ್ರೋಪಿನ್! ಆದರೆ ಕೈಕಾಲಿನ ಸೋಲು ಅದರಿಂದ ಹೋಗುವುದಿಲ್ಲ. ಆ ಸ್ನಾಯುಗಳಲ್ಲಿರುವುದು ನಿಕೋಟಿನಿಕ್ ಎಂಬ ಬೇರೆ ಗುಂಪು. 1914ರಲ್ಲಿ ಹೆನ್ರಿ ಡೇಲ್ ಈ ಎರಡು ಗುಂಪಿನ ಕೆಲಸಗಳನ್ನು ಬೇರೆ ಮಾಡಿ ತೋರಿಸಿದ್ದರು.

ಒಳಗಿನ ಐದು ಬಗೆ ಬಿಡಿಸಲು ಬಹಳ ಕಾಲ ಹಿಡಿಯಿತು. 1980ರ ಸುಮಾರಿಗೆ ಪೈರೆಂಜೆಪಿನ್ ಎಂಬ ಔಷಧ ಮೆದುಳಿನಲ್ಲಿ ಗಟ್ಟಿಯಾಗಿ, ಹೃದಯದಲ್ಲಿ ಸಡಿಲವಾಗಿ ಅಂಟುವುದು ಕಂಡುಬಂತು. ಅಂದರೆ ಎಲ್ಲ ಒಂದೇ ಅಲ್ಲ. 1986ರಿಂದ ಜೀನ್‌ಗಳು ಒಂದೊಂದಾಗಿ ಸಿಕ್ಕವು, ಲೆಕ್ಕ ಐದಕ್ಕೆ ನಿಂತಿತು.

ನಕ್ಷೆ ಮಾಡುವ ದಾರಿ ಹಲವು, ಒಂದೊಂದರಲ್ಲೂ ಒಂದು ಕೊರೆ. ವಿಕಿರಣ ಹಚ್ಚಿದ ಔಷಧವನ್ನು ಅಂಗದ ತೆಳು ಪದರದ ಮೇಲೆ ಹಾಕಿ ಎಲ್ಲಿ ಅಂಟಿತೆಂದು ಫಿಲ್ಮ್‌ನಲ್ಲಿ ನೋಡಬಹುದು. ಆದರೆ ಐದೂ ಒಂದನ್ನೊಂದು ಬಹಳ ಹೋಲುವುದರಿಂದ ಔಷಧ ಪಕ್ಕದ ಬಗೆಗೂ ಅಂಟುತ್ತದೆ. ಜೀನ್‌ನ ನಕಲಾದ ಆರ್‌ಎನ್‌ಎ ಹುಡುಕಿದರೆ ರಿಸೆಪ್ಟರ್ ಯಾವ ಜೀವಕೋಶದಲ್ಲಿ ತಯಾರಾಗುತ್ತದೆ ಎಂದು ತಿಳಿಯುತ್ತದೆ. ಆದರೆ ರಿಸೆಪ್ಟರ್ ಕೊನೆಗೆ ಕೂರುವುದು ಉದ್ದನೆಯ ನರದ ಆ ತುದಿಯಲ್ಲಿರಬಹುದು. ಗೊತ್ತಾದ ಪ್ರೋಟೀನಿಗೆ ಅಂಟಿ ಬಣ್ಣದಿಂದ ಅದರ ಜಾಗ ತೋರಿಸಬೇಕಾದ ಆ್ಯಂಟಿಬಾಡಿಯ ಕತೆ ಇನ್ನೂ ಮಜಾ. 2009ರಲ್ಲಿ, ಆಯಾ ಜೀನನ್ನೇ ತೆಗೆದ ಇಲಿಗಳ ಅಂಗಾಂಶದ ಮೇಲೆ ಮಾರುಕಟ್ಟೆಯ ಆ್ಯಂಟಿಬಾಡಿಗಳನ್ನು ಪರೀಕ್ಷಿಸಿದರು. ರಿಸೆಪ್ಟರೇ ಇಲ್ಲದ ಕಡೆಯೂ ಹಲವು ಆ್ಯಂಟಿಬಾಡಿಗಳು ಬಣ್ಣ ತೋರಿಸಿದವು. ಹಾಗಾಗಿ ಬರೀ ಆ್ಯಂಟಿಬಾಡಿ ಚಿತ್ರ ತೋರಿಸಿ ‘ಇಲ್ಲಿದೆ’ ಅಂದರೆ ನಾನಂತೂ ಸುಮ್ನೆ ಒಪ್ಪುವುದಿಲ್ಲ.

ಇದೆಲ್ಲ ಸೇರಿಸಿದಾಗ ನಿಂತ ಚಿತ್ರ ಹೀಗೆ. ಮೆದುಳಿನ ಹೊರಪದರ ಮತ್ತು ನೆನಪಿನ ಭಾಗದಲ್ಲಿ ಎಂ1 ಜಾಸ್ತಿ. ಹೃದಯದಲ್ಲಿ ಎಂ2. ಗ್ರಂಥಿ, ಕರುಳು, ಪಾಪೆಯ ಸ್ನಾಯುವಿನಲ್ಲಿ ಎಂ3ರ ದರ್ಬಾರು. ಎಂ4, ಎಂ5 ಹೆಚ್ಚಾಗಿ ಮೆದುಳಿನವು.

ಮೂತ್ರಕೋಶದಲ್ಲಿ ಎಣಿಸಿದರೆ ಎಂ2 ಸಂಖ್ಯೆಯೇ ಬಹಳ ಜಾಸ್ತಿ. ಆದರೆ ಹಿಂಡುವ ಕೆಲಸ ಹೆಚ್ಚಾಗಿ ಎಂ3ರದು. ಊರಲ್ಲಿ ಯಾರ ಮನೆ ಎಷ್ಟಿವೆ ಎಂದು ಎಣಿಸಿದ ಮಾತ್ರಕ್ಕೆ ಹೊಲದಲ್ಲಿ ದುಡಿಯುವವರು ಯಾರೆಂದು ತಿಳಿಯುತ್ತದೆಯೇ? ಇದು ಗೊತ್ತಾದದ್ದು ಜೀನ್ ತೆಗೆದ ಇಲಿಗಳಿಂದ. ಎಂ3 ಇಲ್ಲದ ಗಂಡು ಇಲಿಗಳ ಮೂತ್ರಕೋಶ ಹಿಗ್ಗಿತ್ತು. ಅಂಥ ಇಲಿಗಳಲ್ಲಿ ಜೊಲ್ಲೂ ಕಡಿಮೆ, ಪಾಪೆಯೂ ಅಗಲ. ನಿಮ್ಮ ಅವ್ವನ ಒಣಬಾಯಿಗೆ ಉತ್ತರ ಅಲ್ಲೇ ಇದೆ.

ಎಂ3ರ ಕಡೆಗೇ ಹೆಚ್ಚು ವಾಲುವ ಡಾರಿಫೆನಾಸಿನ್ ಎಂಬ ಮಾತ್ರೆ ಬಂದಿದೆ. ಮೆದುಳಿನ ಎಂ1ಕ್ಕೆ, ಹೃದಯದ ಎಂ2ಕ್ಕೆ ಅದರ ಕಾಟ ಕಡಿಮೆ. ಬಾಯಿ ಮತ್ತು ಕರುಳು ಮಾತ್ರ ಪಾರಾಗುವುದಿಲ್ಲ. ಆಕ್ಸಿಬ್ಯುಟಿನಿನ್‌ನಲ್ಲಿಯೇ ನಿಧಾನವಾಗಿ ಕರಗುವ ಮಾತ್ರೆಗೆ ಬಾಯಿ ಒಣಗುವುದು ಕಡಿಮೆ. ಈ ರಿಸೆಪ್ಟರ್‌ಗಳ ತಂಟೆಗೇ ಹೋಗದೆ, ಬೀಟಾ-3 ರಿಸೆಪ್ಟರ್ ಮೂಲಕ ಮೂತ್ರಕೋಶವನ್ನು ಸಡಿಲಗೊಳಿಸುವ ಮಿರಾಬೆಗ್ರಾನ್ ಕೂಡ ಇದೆ.

ಮಾತ್ರೆಯನ್ನು ನೀವಾಗಿಯೇ ಬದಲಿಸಬೇಡಿ. ಮುಂದಿನ ಸಲ ಹೋಗುವಾಗ ಅವ್ವ ತಗೊಳ್ಳುವ ಎಲ್ಲ ಮಾತ್ರೆ ಕಟ್ಟಿಕೊಂಡು ಹೋಗಿ, ನೆಗಡಿಯದ್ದೂ ಸೇರಿಸಿ. ನೆಗಡಿ ಮಾತ್ರೆಯ ಕ್ಲೋರ್‌ಫೆನಿರಮಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಇದೇ ರಿಸೆಪ್ಟರ್‌ಗಳನ್ನು ತಡೆಯುತ್ತವೆ. ಎಲ್ಲ ಸೇರಿದರೆ ವಯಸ್ಸಾದವರಿಗೆ ಮರೆವು, ಗಲಿಬಿಲಿ ಆಗಬಹುದು. ಗ್ಲುಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ ಹೇಳಿ. ಬಿಪಿ ಇದ್ದರಂತೂ ಮೊದಲೇ ಹೇಳಿ, ಮಿರಾಬೆಗ್ರಾನ್ ಬಿಪಿ ಏರಿಸಬಹುದು.