ಅಂಕಣ ಎಂದರೆ ಕಂಬವಲ್ಲ ಮಾರಾಯ್ರೇ

ಧಾರವಾಡದ ಹೊಸ ಬಡಾವಣೆಯೊಂದರ ಜಾಹೀರಾತು ಕೈಗೆ ಬಂತು. ಹೊಳೆಯುವ ಹಾಳೆ, ಮೇಲೆ ಗಾಜುಗಾಜಿನ ದೊಡ್ಡ ಮನೆಯ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ‘ಅಂಕಣರಹಿತ ವಿಶಾಲ ಹಾಲ್’. ಈ ವರ್ಷ ಇದು ಮೂರನೇ ಸಲ. ಮೊದಲ ಸಲ ನಕ್ಕೆ. ಎರಡನೇ ಸಲ ಫೋಟೊ ತೆಗೆದು ಗೆಳೆಯರಿಗೆ ಕಳಿಸಿದೆ. ಈ ಸಲ ಸುಮ್ನಿರೋಕೆ ಆಗಲಿಲ್ಲ.

ಬರೆದವರ ತಲೆಯಲ್ಲಿ ಏನು ಓಡಿತು ಅನ್ನೋದು ಸುಲಭವಾಗಿ ಗೊತ್ತಾಗುತ್ತದೆ. ಮೂಲದಲ್ಲಿ ‘ಕಾಲಂ ಫ್ರೀ’ ಅಂತ ಇತ್ತು. ಪೇಪರಿನ ಕಾಲಂಗೆ ಅಂಕಣ ಅಂತಾರೆ. ಹಾಗಾದರೆ ಮನೆಯ ಕಾಲಂ ಕೂಡ ಅಂಕಣವೇ. ಕೆಲಸ ಮುಗೀತು. ಆದರೆ ಮನೆ ಕಟ್ಟುವವರ ಮಾತಿನಲ್ಲಿ ಅಂಕಣ ಎಂದರೆ ಎರಡು ಕಂಬಗಳ ನಡುವಿನ ಜಾಗ. ಅಂಕಣವಿಲ್ಲದ ಹಾಲ್ ಎಂದರೆ ಜಾಗವೇ ಇಲ್ಲದ ಹಾಲ್. ಅದಕ್ಕೂ ಚದರಡಿ ಲೆಕ್ಕದಲ್ಲೇ ದುಡ್ಡು ಕೇಳುತ್ತಾರೆ!

ಮಾಳಿಗೆ ಸೋರಿಕೆ ನೋಡಲು ಬಂದಿದ್ದ ವಯಸ್ಸಾದ ಗೌಂಡಿಗೆ ಈ ಹಾಳೆ ತೋರಿಸಿದೆ. ಎರಡು ಸಲ ಓದಿದರು. “ಅಂಕಣಾನ ಇಲ್ಲಂದ್ರ ಮನಿ ಎಲ್ಲೈತ್ರೀ ಸರ?” ಅಂದರು.

ಲೆಕ್ಕ ಹಾಕಿ ನೋಡಿ. ಈ ಕಡೆ ಗೋಡೆ, ಆ ಕಡೆ ಗೋಡೆ, ನಡುವೆ ಸಾಲಾಗಿ ಎರಡು ಕಂಬ. ಎಷ್ಟು ಅಂಕಣ? ಮೂರು. ಹಾಗಾಗಿ ಮೂರಂಕಣದ ಮನೆ ಅಂದಾಗ ಕೇಳಿದವರಿಗೆ ಮನೆಯ ಅಗಲದ ಅಂದಾಜು ಸಿಗುತ್ತಿತ್ತು. ಕಂಬ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ದೇವಸ್ಥಾನದಲ್ಲೂ ಅಷ್ಟೇ. ನಮ್ಮ ಕಡೆಯ ಚಾಲುಕ್ಯರ ಗುಡಿಗಳಲ್ಲಿ ಗರ್ಭಗುಡಿಯ ಮುಂದೆ ನವರಂಗ ಅನ್ನುವ ಮಂಟಪ ಇರುತ್ತದಲ್ಲ, ಅದರ ನಡುವೆ ನಿಲ್ಲುವುದು ನಾಲ್ಕೇ ಕಂಬ. ಆ ನಾಲ್ಕು ಕಂಬ ಜಾಗವನ್ನು ಮೂರು ಮೂರರಂತೆ ಒಂಬತ್ತು ಅಂಕಣ ಮಾಡುತ್ತವೆ. ಅಂಕಣ ಎಂದರೆ ಕಂಬ ಎನ್ನುವವರು ಉಳಿದ ಐದು ಕಂಬ ಎಲ್ಲಿವೆ ಅಂತ ಹುಡುಕಿಕೊಡಬೇಕು.

ಪೇಪರಿನ ಅಂಕಣದ್ದು ಬೇರೆ ಕಥೆ. ಕಾಲಂ ಎಂಬ ಪದದ ಮೂಲ ಲ್ಯಾಟಿನ್. ಅಲ್ಲಿ ಅದಕ್ಕೆ ಕಂಬ ಅಂತಲೇ ಅರ್ಥ. ಅಚ್ಚಿನ ಸಾಲುಗಳು ಒಂದರ ಕೆಳಗೊಂದು ಕೂತು ಕಂಬ ನಿಂತ ಹಾಗೆ ಕಾಣುತ್ತವೆ. ಅದಕ್ಕೇ ಅವರು ಆ ಹೆಸರಿಟ್ಟರು. ನಮ್ಮವರು ಅದೇ ಪುಟವನ್ನು ಬೇರೆ ಕಣ್ಣಿನಿಂದ ನೋಡಿದರು. ಎರಡು ಗೆರೆ, ನಡುವೆ ಒಂದು ಜಾಗ, ಆ ಜಾಗದಲ್ಲಿ ಬರಹ. ಅದು ಅಂಕಣವಾಯಿತು. ಅವರಿಗೆ ಕಂಡದ್ದು ಕಂಬ, ನಮಗೆ ಕಂಡದ್ದು ಕಂಬಗಳ ನಡುವಿನ ಖಾಲಿ. ನನ್ನ ಪ್ರಕಾರ ಇದು ಕನ್ನಡದ ಬಲು ಒಳ್ಳೆಯ ಅನುವಾದಗಳಲ್ಲಿ ಒಂದು. ತೊಂದರೆ ಏನಪ್ಪಾ ಅಂದರೆ, ಮನೆಯಿಂದ ಪೇಪರಿಗೆ ಹೋದ ಪದ ತಿರುಗಿ ಮನೆಗೆ ಬರುವಾಗ ಅರ್ಥ ಬುಡಮೇಲಾಗಿ ಬಂದಿದೆ.

ಉಳಿದ ಕಡೆ ಈ ಪದ ಸರಿಯಾಗಿಯೇ ಬದುಕಿದೆ. ಕಬಡ್ಡಿ ಅಂಕಣ ಅಂತೀವಿ. ಗೆರೆ ಎಳೆದು ಬಿಟ್ಟ ಜಾಗ ಅದು. ಆಟಗಾರ ಅಂಕಣಕ್ಕೆ ಇಳಿದ ಅಂದರೆ ಕಂಬ ಹತ್ತಿದ ಅಂತ ಯಾರೂ ತಿಳಿಯುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಸಾಲ ಕೂರುವುದೂ ಗೆರೆಗಳ ನಡುವಿನ ಜಾಗದಲ್ಲೇ. ನೆಲ್ಲೂರಿನ ಕಡೆ ನಿವೇಶನವನ್ನು ಇವತ್ತಿಗೂ ಅಂಕಣದ ಲೆಕ್ಕದಲ್ಲಿ ಮಾರುತ್ತಾರೆ. ಮರಾಠಿಯವರು ಇದೇ ಜಾಗಕ್ಕೆ ‘ಖಣ’ ಅಂತಾರೆ. ಹುಬ್ಬಳ್ಳಿಯಲ್ಲಿ ಖಣ ಅಂದರೆ ಕುಪ್ಪಸದ ಬಟ್ಟೆ ನೆನಪಾಗುತ್ತದೆ, ಅದಿರಲಿ. ದೂರದ ಜಪಾನಿನವರೂ ಮನೆ ಅಳೆಯುವುದಕ್ಕೆ ‘ಕೆನ್’ ಎಂಬ ಅಳತೆ ಇಟ್ಟುಕೊಂಡಿದ್ದರು. ಕಂಬದಿಂದ ಕಂಬಕ್ಕೆ ಇರುವ ಅಂತರ, ಸುಮಾರು ಆರಡಿ. ಮನೆ ಅಳೆಯುವಾಗ ಖಾಲಿಯನ್ನೇ ಲೆಕ್ಕ ಹಿಡಿಯುವ ಬುದ್ಧಿ ನಮ್ಮೊಬ್ಬರದೇ ಏನಲ್ಲ.

ಅಂಗಣ, ಅಂಗಳ, ಅಂಕಣ ಮೂರನ್ನೂ ಒಂದೇ ಚೀಲಕ್ಕೆ ತುಂಬುವವರಿದ್ದಾರೆ. ಅಂಗಣ, ಅಂಗಳ ಎಂದರೆ ಮನೆ ಮುಂದಿನ ಅಥವಾ ನಡುವಿನ ಬಯಲು. ಮೇಲೆ ಆಕಾಶ ಇರಬೇಕು. ಮನೆಯ ಅಂಕಣಕ್ಕೆ ಮೇಲೆ ತೊಲೆ ಇರಬೇಕು. ಇಷ್ಟು ಸಾಕು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ನಮ್ಮಜ್ಜನ ಮನೆ ಅಣ್ಣಿಗೇರಿ ಹತ್ತಿರದ ಹಳ್ಳಿಯಲ್ಲಿತ್ತು. ಐದಂಕಣದ್ದು. ಮೇಲೆ ಮೇಲ್ಮುದ್ದೆ, ಅಂದರೆ ಜಂತೆಗಳ ಮೇಲೆ ದಪ್ಪಗೆ ಹಾಕಿದ ಮಣ್ಣು. ಆ ಭಾರಕ್ಕೆ ಕಂಬಗಳು ಹತ್ತಿರ ಹತ್ತಿರ ಬೇಕು. ಎಂಟೊಂಬತ್ತು ಅಡಿಗಿಂತ ಜಾಸ್ತಿ ದೂರ ಹೋದರೆ ತೊಲೆ ಬಾಗುತ್ತದೆ. ಲೆಕ್ಕದ ಪ್ರಕಾರ ಅದು ಕತ್ತಲ ಗುಹೆ ಆಗಬೇಕಿತ್ತು. ಆಗಿರಲಿಲ್ಲ. ತಲಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಅಂಕಣ. ಅಲ್ಲಿಂದ ಮೂರು ಮೆಟ್ಟಿಲು ಮೇಲೆ ಪಡಸಾಲೆ. ನಡುವೆ ಗೋಡೆ ಇಲ್ಲ. ಎತ್ತರದ ವ್ಯತ್ಯಾಸವೇ ಗೋಡೆಯ ಕೆಲಸ ಮಾಡುತ್ತಿತ್ತು. ಪಡಸಾಲೆಯ ನಡು ಅಂಕಣದ ಮೇಲೆ ಬೆಳಕಿಂಡಿ. ಮಧ್ಯಾಹ್ನ ಬಿಸಿಲಿನ ಕೋಲು ಅಲ್ಲಿಂದ ನೇರ ನೆಲಕ್ಕೆ ಇಳಿಯುತ್ತಿತ್ತು. ಅಜ್ಜಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕಟ್ಟೆಯ ಮೇಲೆ ಕೂತವರಿಗೆ ಕೇಳುತ್ತಿತ್ತು. ಊಟಕ್ಕೆ ಎಷ್ಟು ಹೊತ್ತಿದೆ ಅಂತ ಅಜ್ಜ ಆ ಸಪ್ಪಳದಲ್ಲೇ ತಿಳಿಯುತ್ತಿದ್ದ. ಒಂದು ಅಂಕಣದಿಂದ ಇನ್ನೊಂದು ಕಾಣುತ್ತದೆ, ಆದರೆ ಪೂರ್ತಿ ಕಾಣುವುದಿಲ್ಲ. ಕಂಬ ಸ್ವಲ್ಪ ಮರೆ ಮಾಡುತ್ತದೆ. ಆ ಸ್ವಲ್ಪ ಮರೆಯಿಂದಲೇ ಮನೆ ಇನ್ನೂ ಮುಂದೆ ಇದೆ ಅನ್ನಿಸುತ್ತಿತ್ತು.

ಇವತ್ತು ಹುಬ್ಬಳ್ಳಿಯಲ್ಲಿ ನಾಲ್ಕು ಸಾವಿರ ಚದರಡಿ ಮನೆ ಕಟ್ಟುವವರು ಕೇಳುವುದೂ ಇದನ್ನೇ. ಮನೆ ದೊಡ್ಡದಿರಲಿ, ಭಾರ ಅನ್ನಿಸಬಾರದು, ಮನೆಮಂದಿ ಒಬ್ಬರಿಗೊಬ್ಬರು ಸಿಗಬೇಕು. ಅದಕ್ಕೆ ದಾರಿ ಅಂತ ಮೊದಲು ಕಂಬಗಳ ಮೇಲೆ ಹಲ್ಲು ಕಡಿಯುತ್ತಾರೆ. ಪಾಪ, ಕಂಬ ಮಾಡಿದ್ದೇನು? ಗೋಡೆಗಳೇ ಭಾರ ಹೊರುತ್ತಿದ್ದ ಕಾಲದಲ್ಲಿ ಗೋಡೆ ಒಡೆಯುವ ಹಾಗಿರಲಿಲ್ಲ. ಭಾರವೆಲ್ಲ ಕಂಬಕ್ಕೆ ಬಂದ ಮೇಲೆ ಗೋಡೆ ಬೇಕಾದರೆ ಇಡು, ಬೇಡವಾದರೆ ತೆಗಿ ಅನ್ನುವ ಸ್ಥಿತಿ ಬಂತು. ಮುಂದೆ ಚಂಡೀಗಢ ಕಟ್ಟಿದ ವಾಸ್ತುಶಿಲ್ಪಿ ಲ ಕಾರ್ಬುಸಿಯೆ 1914ರಲ್ಲೇ ಇಂಥ ಒಂದು ನಕ್ಷೆ ಬರೆದಿದ್ದ. ಮೂರು ಕಾಂಕ್ರೀಟ್ ಚಪ್ಪಡಿ, ಆರು ಕಂಬ, ಒಂದು ಮೆಟ್ಟಿಲು. ಗೋಡೆಯೇ ಇಲ್ಲ. ಈಗ ನಾವು ಓಪನ್ ಪ್ಲಾನ್ ಅಂತ ಕೊಂಡಾಡುವುದು ಕಂಬ ಕೊಟ್ಟ ವರವನ್ನೇ.

ಕಂಬ ಕಿತ್ತರೆ ಭಾರ ಮಾಯ ಆಗುವುದಿಲ್ಲ, ತೊಲೆಗೆ ಹೋಗುತ್ತದೆ. ದೂರದ ಹನ್ನೆರಡನೇ ಒಂದು ಪಾಲು ಬೀಮಿನ ಎತ್ತರ ಅಂತ ಕಟ್ಟುವವರು ಬಾಯಿಲೆಕ್ಕ ಹಾಕುತ್ತಾರೆ. ಹಾಗಾದರೆ 24 ಅಡಿ ಒಂದೇ ಸಲ ದಾಟಿಸಲು ಸುಮಾರು ಎರಡಡಿ ಬೀಮ್ ಬೇಕು. ಅದು ಚಂದ ಕಾಣುವುದಿಲ್ಲ ಅಂತ ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆಸುತ್ತಾರೆ. ಎಲ್ಲ ಸೇರಿ ಹತ್ತಡಿಯ ಹಾಲ್ ಎಂಟಡಿಗೆ ಇಳಿಯುತ್ತದೆ. ಅಗಲ ಸಿಕ್ಕಿತು, ತಲೆ ಮೇಲಿನ ಗಾಳಿ ಹೋಯಿತು. ಇಂಥ ಹಾಲ್‌ನಲ್ಲಿ ಕೂತರೆ ಮದುವೆ ಮಂಟಪದಲ್ಲಿ ಊಟದ ಪಾಳಿಗೆ ಕಾದ ಹಾಗಾಗುತ್ತದೆ. ಅದರ ಬದಲು ನಡುವೆ ಎರಡು ತೆಳ್ಳಗಿನ ಕಂಬ ಬಿಡಿ. ಒಂದು ಅಂಕಣದ ನೆಲ ಎರಡು ಮೆಟ್ಟಿಲು ಇಳಿಸಿ. ಇನ್ನೊಂದರ ಚಾವಣಿಯನ್ನು ಮೇಲಿನ ಮಹಡಿವರೆಗೆ ಎತ್ತಿ. ಅದರ ತುದಿಯಲ್ಲಿ ಉತ್ತರದ ಬೆಳಕು ಬರುವಂತೆ ಕಿಟಕಿ ಇಡಿ. ಪಶ್ಚಿಮಕ್ಕೆ ಇಟ್ಟರೆ ಏಪ್ರಿಲ್ ತಿಂಗಳಲ್ಲಿ ನನ್ನನ್ನು ಬೈಯಬೇಡಿ. ಮೇಲೆ ಓದುತ್ತಿರುವ ಮಗಳನ್ನು ಕೆಳಗಿನಿಂದ ಕೂಗಿದರೆ ‘ಬಂದೆ’ ಅನ್ನುವುದು ಕೇಳಬೇಕು, ಫೋನ್ ಮಾಡುವ ಹಾಗಾಗಬಾರದು. ಅಡುಗೆಮನೆಯನ್ನು ಮಾತ್ರ ಪೂರ್ತಿ ಬಿಚ್ಚಬೇಡಿ. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಯ ಘಾಟು ಸೋಫಾ ದಾಟಿ ದೇವರಮನೆಗೂ ಹೋಗುತ್ತದೆ. ಅಲ್ಲಿ ಒಂದು ಜಾರುಬಾಗಿಲು ಇರಲಿ.

ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗ ತಾಳ್ಮೆಯಿಂದ ಎಲ್ಲ ಕೇಳಿದ.

“ಹಂಗಾರ ಕಾಲಂಗೆ ಏನ್ ಬರೀಬೇಕ್ರೀ ಸರ?”

“ಕಂಬ ಅಂತ ಬರೀಪ್ಪಾ.”

“ಕಂಬ ಅಂದ್ರ ಮಂದಿ ಲೈಟಿನ ಕಂಬ ಅನ್ಕೊಂತಾರ್ರೀ.”

ಹದಿನೈದು ದಿನ ಬಿಟ್ಟು ಹೊಸ ಹಾಳೆ ಬಂತು. ‘ಪಿಲ್ಲರ್‌ಲೆಸ್ ಹಾಲ್’ ಅಂತಿತ್ತು.